ಮೂರನೆಯ ಸಲ

ಶುಕ್ರವಾರ ಮಧ್ಯಾಹ್ನ ನಾಲ್ಕಕ್ಕೆ ಒಂಬತ್ತನೆಯ ಕುಂಡದ ಹೂವು ಪೂರ್ತಿ ಅರಳಿತು. ಇರಜ್ ಕಾಝರೂನಿ ಅಳತೆಪಟ್ಟಿ ತಂದು ಅಳೆದ: ಮಣ್ಣಿನಿಂದ ತುದಿಗೆ ಐವತ್ತೆರಡು ಸೆಂಟಿಮೀಟರ್.

ಬಿಳಿ ಶಬ್‌ಬೂ. ಹೊಸವರ್ಷದ ನೌರೂಝ್ ಹಬ್ಬಕ್ಕೆ ಶಿರಾಝಿನವರೆಲ್ಲ ಆ ಪರಿಮಳದ ಹೂವನ್ನು ಅಂಗಡಿಯಿಂದ ತರುತ್ತಾರೆ. ಇರಜ್ ಬೀಜ ಬಿತ್ತಿದ್ದ. ಸಸಿಗಳಲ್ಲಿ ತಿಳಿಹಸಿರಿನವನ್ನು ಉಳಿಸಿ, ಕಡುಹಸಿರಿನವನ್ನೆಲ್ಲ ಕಿತ್ತೆಸೆದಿದ್ದ. ಸುತ್ತುಸುತ್ತಿನ ಎಸಳು ಬರುವುದು ತಿಳಿಹಸಿರಿನದರಲ್ಲಿ. ಅಂಥ ಹೂವು ಬೀಜ ಕಟ್ಟುವುದಿಲ್ಲ. ಅದು ಅವನಿಗೆ ಕೊರತೆ ಎನಿಸಿರಲಿಲ್ಲ.

ಮೂರು ಚಳಿಗಾಲ ಸೋತಿದ್ದ. ಬದುಕಿ ಹೂಬಿಟ್ಟದ್ದು ಇದೊಂದೇ. ಉಳಿದ ಎಂಟು ಕುಂಡಗಳಲ್ಲಿದ್ದ ಪ್ಯಾನ್ಸಿಯನ್ನು ಯಾರು ಬೇಕಾದರೂ ಬೆಳೆಸಬಹುದು.

ಯಾರಾದರೂ ನೋಡಬೇಕಿತ್ತು. ಆದರೆ ಕರೆದು ತೋರಿಸುವುದೆಂದರೆ ಹೊಗಳಿಕೆ ಬೇಡಿದಂತೆ. ಇಪ್ಪತ್ತೆರಡು ವರ್ಷದಿಂದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ಬಂದವನು ಯಾರಲ್ಲೂ ಏನನ್ನೂ ಬೇಡಿರಲಿಲ್ಲ.

ಐದಕ್ಕೆ ಮೇಲಿನ ಮನೆಯ ತೂಬಾ ಖಾನುಂ ಬಂದಳು. ನಿವೃತ್ತ ಸೂಲಗಿತ್ತಿ. ನೀರಿನ ಟ್ಯಾಂಕಿ ರಿಪೇರಿಯ ಕಾಗದಕ್ಕೆ ಸಹಿ ಬೇಕಿತ್ತು. ಕೋಣೆಯಲ್ಲಿ ದೀಪವಿದ್ದರೂ, ಬೆಳಕು ಸಾಲದೆಂದು ಅವನು ಅವಳನ್ನು ಬಾಲ್ಕನಿಗೆ ಕರೆದೊಯ್ದ.

"ಮಾಷಾಲ್ಲಾ," ಎಂದಳು ಅವಳು. "ಮದುಮಗನ ಥರ ನಿಂತಿದೆಯಲ್ಲ ಡಾಕ್ಟ್ರೇ."

ಬಂದವರು ಮೆಚ್ಚಿದ್ದನ್ನು ತೆಗೆದುಕೊಳ್ಳಿ ಎನ್ನುವುದು ಅಲ್ಲಿಯ ಮರ್ಯಾದೆ, ಒಲ್ಲೆ ಎನ್ನುವುದೂ. ಅವನು ಅಂದ. ಅವಳು ಒಲ್ಲೆನೆಂದಳು. ಮತ್ತೆ ಅಂದ. ನಿಮ್ಮ ಕೈಗೇ ಅದು ಒಗ್ಗಿದೆ ಎಂದಳು. ಲೆಕ್ಕ ಮುಗಿದಿತ್ತು, ಇನ್ನು ಚಹಾದ ಮಾತು ಬರಬೇಕು. ಇಂಥದ್ದನ್ನು ಎರಡು ಸಲಕ್ಕಿಂತ ಹೆಚ್ಚು ಯಾರೂ ಹೇಳುವುದಿಲ್ಲ. ಮೂರನೆಯ ಸಲ ಹೇಳಿದರೆ ಮಾತು ನಿಜವಾಗುತ್ತದೆ.

"ನಿಮ್ಮ ಹತ್ರಾನೇ ಇರ್ಲಿ ಬಿಡಿ," ಎಂದಳು ತೂಬಾ ಖಾನುಂ. ದನಿ ಮೆತ್ತಗಿತ್ತು. "ಮಾತಾಡ್ಸೋಕೆ ಅಂತ ನಿಮಗಿರೋದು ಇದೊಂದೇ. ಬೆಳಿಗ್ಗೆ ಮೇಲಕ್ಕೆ ಕೇಳಿಸುತ್ತೆ."

ಅವನು ಕೆಳಗೆ ಬೀದಿಯಲ್ಲಿ ರತ್ನಗಂಬಳಿ ತೊಳೆಯುತ್ತಿದ್ದವರನ್ನು ನೋಡಿದ.

"ನನ್ನಾಣೆ ಖಾನುಂ, ತಗೊಂಡು ಹೋಗ್ಲೇಬೇಕು."

ಅವಳು ಅವನ ಮುಖ ನೋಡಿದಳು. ಆಣೆಯಿಟ್ಟ ಮೇಲೆ ಒಲ್ಲೆನೆಂದರೆ ಅವಮಾನ.

"ಕೈಗೆ ಕಸುವಿರಲಿ," ಎಂದು ಉಪಕಾರ ಹೇಳಿ ಕುಂಡಕ್ಕೆ ಬಾಗಿದಳು.

ಅವನು ಬಿಡಲಿಲ್ಲ. ತಾನೇ ಎತ್ತಿ ಮೆಟ್ಟಿಲೇರಿದ. ಎಲ್ಲೂ ನಿಂತು ಉಸಿರು ತೆಗೆದುಕೊಳ್ಳಲಿಲ್ಲ. ತನ್ನ ದನಿ ನಡುಗಿರಲಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಅದರ ಬಗ್ಗೆ ತೃಪ್ತಿಯಿತ್ತು. ಅವಳ ಬಾಲ್ಕನಿಯಲ್ಲಿ, ಮೊಮ್ಮಕ್ಕಳ ಒದ್ದೆ ಬಟ್ಟೆಗಳ ಕೆಳಗೆ ಕುಂಡ ಇಟ್ಟ. ನೀರೆಷ್ಟು ಹಾಕಬೇಕೆಂದು ಅವಳು ಕೇಳಲಿಲ್ಲ. ಅವನು ಹೇಳಲಿಲ್ಲ. ಹೇಳಿದರೆ ಇನ್ನೂ ತನ್ನದೆಂದುಕೊಂಡಂತೆ.

ಕೆಳಗಿಳಿದು ಬಂದು ಸಹಿಯ ಕಾಗದ ಬಾಲ್ಕನಿಯ ಮೇಜಿನ ಮೇಲೇ ಉಳಿದಿರುವುದನ್ನು ಕಂಡ. ಸಹಿ ಹಾಕಿ, ತನ್ನ ಬಾಗಿಲ ಹೊರಗೆ ಸಿಕ್ಕಿಸಿದ.

ಶನಿವಾರ ಬೆಳಿಗ್ಗೆ ಏಳಕ್ಕೆ ಮೇಲಿನ ಬಾಲ್ಕನಿಯಿಂದ ಅವನ ಬಾಲ್ಕನಿಗೆ ನೀರು ತೊಟ್ಟಿಕ್ಕತೊಡಗಿತು. ಒಂದು ಕುಂಡಕ್ಕೆ ಅಷ್ಟು ನೀರು ಬೇಕಿಲ್ಲ. ಇರಜ್ ಅಡುಗೆಮನೆಯಿಂದ ಬೋಗುಣಿ ತಂದು ಹನಿಯ ಕೆಳಗೆ ಇಟ್ಟ.

ಎಂಟಕ್ಕೆ ಅವನ ಪಾಠವಿತ್ತು. ಒಂಬತ್ತಕ್ಕೆ ಅವನಿನ್ನೂ ಅಲ್ಲೇ ನಿಂತಿದ್ದ. ಬೋಗುಣಿ ಅರ್ಧ ತುಂಬಿತ್ತು.