ಕೊಣನೂರು ಸಂತೆಯಲ್ಲಿ ಬಾವಿಯ ಕಥೆ

ಹಾಸನದಲ್ಲಿ ಪುಸ್ತಕದಂಗಡಿ ಇಟ್ಟುಕೊಂಡು, ಬಂದ ಲಾಭವನ್ನೆಲ್ಲ ಹೊಸಬರ ಮೊದಲ ಪುಸ್ತಕ ಅಚ್ಚು ಹಾಕಿಸಲು ಸುರಿಯುವ ಮನೋಹರನಿಗೆ ತಲೆ ಕೆಟ್ಟಿದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ವಾರವಾರ ಕೊಣನೂರು ಸಂತೆಗೆ ವ್ಯಾನು ತಂದು, ಸೊಪ್ಪಿನವರ ಎದುರು ಪುಸ್ತಕ ಹರಡಿ, ಒಂದು ಕಥೆಯನ್ನು ಗಟ್ಟಿಯಾಗಿ ಓದಿ ಮುಗಿಸಿದ ಮೇಲೇ ಅವನ ವ್ಯಾಪಾರ ಶುರು. ಹೋದ ವಾರ ಓದಿದ್ದು ಬಾವಿಯ ಕಥೆ. ಬರೆದವಳು ಧನುಶ್ರೀ, ಗೌಡರ ತೋಟದ ಬಾವಿಯಲ್ಲಿ ಹೆಣವಾದ ಹುಡುಗಿಯ ತಂಗಿ. ಗೌಡರ ಬಾವಿಯ ಮಾತೆತ್ತಲೂ ಹೆದರಿ ಅವಳು ಬೇರೆ ಹೆಸರಿನಲ್ಲಿ ಬರೆದಿದ್ದಳು. ನಿಜವಾದ ಹೆಸರು ಯಾರಿಗೂ ಹೇಳುವುದಿಲ್ಲವೆಂದು ಮನೋಹರ ಮಾತು ಕೊಟ್ಟಿದ್ದ.

ಬಾವಿಯ ಕಥೆಯ ಸುದ್ದಿ ಗೌಡರ ಮನೆ ಮುಟ್ಟಿತು. ಈ ವಾರ ರಂಗಸ್ವಾಮಿ ಗೌಡರ ಮಗ ದೇವರಾಜ್ ಆಳುಗಳ ಜೊತೆ ಬಂದಿಳಿದ. ಮಾತಿಲ್ಲ ಕತೆಯಿಲ್ಲ, ವ್ಯಾನಿನ ಗಾಜು ಪುಡಿಯಾಯಿತು. ಪುಸ್ತಕಗಳ ಮೇಲೆ ಪೆಟ್ರೋಲ್ ಸುರಿದು ಕಡ್ಡಿ ಗೀರಿದರು.

"ಯಾವನ್ಲಾ ಬರ್ದೋನು? ಎಸ್ರು ಬೊಗಳು."

"ನಾನೇ ಕಣಣ್ಣ ಬರ್ದಿದ್ದು," ಎಂದ ಮನೋಹರ.

ಕಬ್ಬಿಣದ ರಾಡು ಬಲಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಅವನಿಗೇ ಕೇಳಿಸಿತು. ಎಡಗೈಯನ್ನು ಕಲ್ಲಿನ ಮೇಲಿಟ್ಟು ಬೂಟುಗಾಲಲ್ಲಿ ಒತ್ತಿದರು. ಸುಳ್ಳೇಕೆ, ಹೆಸರು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಎದುರಿಗೆ ಸೊಪ್ಪಿನ ಮಲ್ಲಿಗಮ್ಮ ಕೂತಿದ್ದಳು, ಆ ಅಕ್ಕತಂಗಿಯರ ತಾಯಿ. ಇವಳಿಗೆ ಉಳಿದಿರುವುದು ಒಬ್ಬಳೇ ಮಗಳು. ಮನೋಹರ ನಾಲಿಗೆ ಕಚ್ಚಿಕೊಂಡ, ಬಾಯಿತುಂಬ ರಕ್ತ ಬಂತು.

"ನಮ್ಮಪ್ಪ ಬಾವಿಗೆ ನೂಕ್ದ ಅಂತ ಬರೆಯೋವಷ್ಟು ಕೊಬ್ಬೇನ್ಲಾ ನಿಂಗೆ?" ದೇವರಾಜ್ ಅಬ್ಬರಿಸಿದ.

ಸಂತೆಯವರ ತಲೆಗಳೆಲ್ಲ ಅವನತ್ತ ತಿರುಗಿದವು. ಪುಣ್ಯಾತ್ಮ ಪುಸ್ತಕ ತೆರೆದೂ ನೋಡಿರಲಿಲ್ಲ. ಕಥೆಯಲ್ಲಿ ಹುಡುಗಿ ಕಾಲು ಜಾರಿ ಬೀಳುತ್ತಾಳೆ. ಧನುಶ್ರೀ ನಂಬಿದ್ದೂ ಅದನ್ನೇ. ಹೋದ ವಾರ ಸಂತೆಗೆ ಸಂತೆಯೇ ಅದನ್ನು ಕೇಳಿಸಿಕೊಂಡಿತ್ತು.

ಮಲ್ಲಿಗಮ್ಮ ಎದ್ದಳು. ಸೊಪ್ಪಿನ ಕುಡುಗೋಲು ಕೈಯಲ್ಲೇ ಇತ್ತು.

"ಕೂಸು ಜಾರಿ ಬಿತ್ತು ಅಂತ ನಿಮ್ಮಪ್ಪಾರೇ ಬಂದು ಯೋಳಿದ್ರಲ್ಲ ಬುದ್ಧಿ. ಅಂಗಾದ್ರೆ ನೂಕಿದ್ರಾ?"

ದೇವರಾಜ್ ತನ್ನವರತ್ತ ತಿರುಗಿದ. ಆಳುಗಳು ಒಬ್ಬೊಬ್ಬರಾಗಿ ಹಿಂದೆ ಸರಿದರು.

"ಯೋಳ್ಲಾ," ಎಂದಳು ಮಲ್ಲಿಗಮ್ಮ, ಇನ್ನೂ ಹತ್ತಿರ ಹೋಗುತ್ತ.

ಬ್ಯಾಡ ಕಣವ್ವ ಅನ್ನಬೇಕಿತ್ತು ಮನೋಹರ. ಬಾಯಲ್ಲಿದ್ದ ರಕ್ತ ಉಗುಳಿದ. ಅನ್ನಲಿಲ್ಲ.