ಕೊನೆಯ ಪ್ಯಾರಾ ಮತ್ತು ಎರಡು ಪಾರಿವಾಳ

ಸವಣೂರಿನಲ್ಲಿ ಮದುವೆ, ಮುಂಜಿ, ಹುಟ್ಟುಹಬ್ಬ ಏನೇ ಇರಲಿ, ಬ್ಯಾನರ್ ಮಾತ್ರ ದುರ್ಗೇಶನದೇ. ಅವನ ಕೈಯಲ್ಲಿ ಒಂದು ಇಂಚು ಜಾಗ ಖಾಲಿ ಉಳಿದದ್ದನ್ನು ಊರು ಕಂಡಿಲ್ಲ. ಅಂಥವನ ಕೈಗೆ ತನ್ನ ಲೇಖನ ಸಿಕ್ಕಿಬಿದ್ದಿದೆಯಲ್ಲ ಎಂದು ಗುಲ್ನಾಜ ಬೆಳಿಗ್ಗೆಯಿಂದ ಅವನ ಅಂಗಡಿಯಲ್ಲೇ ಕಾವಲು ಕೂತಿದ್ದಳು.

ಶಾಲೆಯ ಸ್ಮರಣ ಸಂಚಿಕೆಗೆ ಅವಳು ಬರೆದದ್ದು ಸವಣೂರಿನ ವೀಳ್ಯದೆಲೆಯ ಬಗ್ಗೆ. ಸಿಕ್ಕಿದ್ದು ಎರಡೇ ಪುಟ. ವಿಜ್ಞಾನ ಕಲಿಸುವ ಈ ಟೀಚರಿಗೆ ಇದು ಮೊದಲ ಲೇಖನ. ನಿಜ ಹೇಳಬೇಕೆಂದರೆ ಕೊನೆಯ ಪ್ಯಾರಾ ಬರೆಯುವ ಆಸೆಗೇ ಅದಕ್ಕೂ ಮೊದಲಿನದನ್ನೆಲ್ಲ ಬರೆದಿದ್ದಳು. ಆ ಪ್ಯಾರಾ ಅವಳ ದಾದಿಯದು, ಅಪ್ಪನ ತಾಯಿ ಮಾಬೂಬಿಯದು. ಐವತ್ತು ವರ್ಷ ಎಲೆತೋಟದಲ್ಲಿ ದುಡಿದ ಮುದುಕಿ ಒಂದು ದಿನವೂ ಇಡೀ ಎಲೆ ಹಾಕಿಕೊಂಡವಳಲ್ಲ. ಚಲೋ ಎಲೆ ಪೇಟೆಗೆ, ಹುಳ ಕಡಿದ ತೂತಿನ ಎಲೆ ತನಗೆ.

ಐದಕ್ಕೆ ಪುಟಗಳು ಮುದ್ರಣಕ್ಕೆ ಹೋಗಬೇಕು. ಮೂರೂವರೆಗೆ ದುರ್ಗೇಶ ಕಂಪ್ಯೂಟರಿನ ಪರದೆ ತಿರುಗಿಸಿ ತೋರಿಸಿದ.

"ಹೆಂಗೈತ್ರಿ ಟೀಚರ್?"

ತಲೆಬರಹ ಕೆಂಪು, ಅದಕ್ಕೆ ಹಳದಿ ಅಂಚು, ಅಂಚಿಗೆ ನೀಲಿ ನೆರಳು. ನಾಲ್ಕೂ ಮೂಲೆಗೆ ಗುಲಾಬಿ. ಮೇಲೆ ಎದುರುಬದುರು ಎರಡು ಪಾರಿವಾಳ. ಕೆಳಗೆ ಶಾಲಾ ಕಮಿಟಿಯ ಒಂಬತ್ತು ಮಂದಿ. ಅಧ್ಯಕ್ಷ ಭರಮಪ್ಪನವರು ದೊಡ್ಡ ವೃತ್ತದಲ್ಲಿ, ಉಳಿದವರು ಅವರವರ ಯೋಗ್ಯತೆಯಷ್ಟು ವೃತ್ತದಲ್ಲಿ ಕೈಮುಗಿದು ನಗುತ್ತಿದ್ದರು. ಎಲೆಗೂ ಇವರಿಗೂ ಇದ್ದ ನಂಟು ಊಟವಾದ ಮೇಲಿನದು ಮಾತ್ರ.

"ಎಲಿ ಎಲ್ಲೈತ್ರಿ?" ಎಂದಳು ಗುಲ್ನಾಜ.

"ಪಾರಿವಾಳದ ಬಾಯಾಗ ನೋಡ್ರಿ."

"ನನ್ನ ಕೊನೀ ಪ್ಯಾರಾ?"

"ಜಾಗ ಸಾಲಲಿಲ್ರಿ. ತಗದೇನಿ."

ಗುಲ್ನಾಜಳಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಪಾರಿವಾಳ ತಗೀರಿ!"

"ಖಾಲಿ ಕಾಣತೈತ್ರಿ. ಖಾಲಿ ಬಿಟ್ರ ಮಂದಿ, ದುರ್ಗೇಶ ಕೆಲಸಗಳ್ಳ ಅಂತಾರ."

ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ದಾದಿ ಎದ್ದು ಬಂದಳು. ಅವಳ ಫೋಟೋ ತೆಗೆಯಲೆಂದು ದುರ್ಗೇಶನೇ ಕರೆಸಿದ್ದ. ಆದರೆ "ಆ ಮಂದಿ ಮಗ್ಗಲ ನಾ ಯಾಕ ನಗಲಿ?" ಎಂದು ಮುಖಕ್ಕೆ ಸೆರಗು ಮುಚ್ಚಿಕೊಂಡು ಕೂತವಳು ಅವಳು. ಓದು ಬಾರದ ಮುದುಕಿ ಪರದೆಯನ್ನು ಸಂತೆಯ ಮಾಲಿನ ಹಾಗೆ ಮೇಲೆ ಕೆಳಗೆ ನೋಡಿದಳು.

"ತಮ್ಮಾ, ಎಲಿ ಪುಟ್ಟಿ ಹಿಂಗ ಗಿಡಿದು ತುಂಬಿದ್ರ ಸಂಜೀಗೆ ಕೊಳೀತಾವ. ನಡುವ ಗಾಳಿ ಆಡಬೇಕು."

ದುರ್ಗೇಶ ನಗಲು ಹೋದವನು ಅರ್ಧಕ್ಕೇ ನಿಂತ. ಅವನೂ ಹತ್ತಿಮತ್ತೂರಿನ ಎಲೆತೋಟದಲ್ಲಿ ಬೆಳೆದವನೇ. ಜಾಗ ಉಳಿಯಬಾರದೆಂದು ಒಮ್ಮೆ ಎಲೆಯ ಬುಟ್ಟಿಯನ್ನು ಒತ್ತಿ ಒತ್ತಿ ತುಂಬಿ, ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಅಷ್ಟೂ ಕೊಳೆತು, ಅಪ್ಪ ಗುತ್ತೆಪ್ಪನಿಂದ ಕೆನ್ನೆಗೆ ಬಾರಿಸಿಕೊಂಡಿದ್ದ. ಅವನಿಗೇ ಗೊತ್ತಿಲ್ಲದೆ ಕೈ ಕೆನ್ನೆಗೆ ಹೋಯಿತು.

ಮೊದಲು ಪಾರಿವಾಳ ಹಾರಿದವು. ಆಮೇಲೆ ಗುಲಾಬಿ. ವೃತ್ತಗಳ ಹತ್ತಿರ ಬಂದಾಗ ಮಾತ್ರ ದುರ್ಗೇಶ ಗುಲ್ನಾಜಳ ಕಡೆ ತಿರುಗಿದ.

"ಭರಮಪ್ಪನವರು ಏನಂತಾರ್ರಿ?"

"ಅವರು ಉಳಿದ ಪುಟದಾಗ ಎಷ್ಟು ಸಲ ಅದಾರ?"

"ಹನ್ನೊಂದು."

"ಸಾಕ್ರಿ."

ಒಂಬತ್ತೂ ಮಂದಿ ಕೈಮುಗಿದುಕೊಂಡೇ ಮಾಯವಾದರು. ಕೊನೆಯ ಪ್ಯಾರಾ ತನ್ನ ಜಾಗಕ್ಕೆ ಬಂದು ಕೂತಿತು. ಗುಲ್ನಾಜಳ ಜೀವಕ್ಕೆ ಸಮಾಧಾನವಾಯಿತು. ಆದರೆ ಅದರ ಪಕ್ಕದಲ್ಲಿ ಉಳಿದ ಬಿಳಿ ಜಾಗ ನೋಡಿ ದುರ್ಗೇಶ ಚಡಪಡಿಸಿದ.

"ಇಲ್ಲಿ ಒಂದರ ಚಿತ್ರ ಬೇಕ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ದಾದಿ ಸೊಂಟದ ಸಂಚಿ ಬಿಚ್ಚಿ ಒಂದು ಎಲೆ ತೆಗೆದುಕೊಟ್ಟಳು. ದುರ್ಗೇಶ ಅದನ್ನು ಸ್ಕ್ಯಾನರಿನ ಮೇಲಿಟ್ಟ. ಪರದೆಯ ಮೇಲೆ ನರನರವೂ ಕಾಣುವಂತೆ ಎಲೆ ಮೂಡಿತು. ನಟ್ಟನಡುವೆ ಕಡಲೆಕಾಳಿನಷ್ಟು ತೂತು.

"ಅಜ್ಜಿ, ಇದು ತೂತೈತಿ! ಚಲೋದೊಂದು ಕೊಡ್ರಿ."

"ಚಲೋದು ನನ್ನ ಹಂತೇಕ ಎಲ್ಲಿಂದ ಬರಬೇಕೋ? ಅದು ಮಾರೋದು."

"ಇರಲಿ ಬಿಡ್ರಿ. ಎರಡ ನಿಮಿಷದಾಗ ಕಂಪ್ಯೂಟರಿನ್ಯಾಗ ತೂತು ಮುಚ್ಚತೇನಿ."

"ಮದಲ ಆ ಕೊನೀ ಪ್ಯಾರಾ ಓದ್ರಿ," ಎಂದಳು ಗುಲ್ನಾಜ.

ವಾರದಿಂದ ಆ ಲೇಖನವನ್ನು ಅಳೆದು, ಕತ್ತರಿಸಿ, ಹಿಗ್ಗಿಸಿದ್ದ ದುರ್ಗೇಶ ಅದನ್ನು ಓದಿದ್ದು ಆಗಲೇ. ಓದಿ, ಮುದುಕಿಯ ಕಡೆ ನೋಡಿ, ಮೌಸಿನಿಂದ ಕೈ ತೆಗೆದ. ಐದಕ್ಕೆ ಐದು ನಿಮಿಷವಿರುವಾಗ ಪುಟ ಹಾಗೆಯೇ ಹೋಯಿತು, ತೂತಿನ ಸಮೇತ.

"ಕೆಲಸ ಮುಗೀತಿಲ್ಲೋ?" ದಾದಿ ಕೈ ಚಾಚಿದಳು. "ನನ್ನ ಎಲಿ ಕೊಡು ಇತ್ತ."

ಸ್ಕ್ಯಾನರಿನ ಮೇಲಿಂದ ಎತ್ತಿಕೊಟ್ಟ ಎಲೆಯನ್ನು ಸೆರಗಿಗೆ ಒರೆಸಿ, ತೂತನ್ನು ತಪ್ಪಿಸಿ ಸುಣ್ಣ ಸವರಿ, ಮಡಚಿ ಬಾಯಿಗೆ ಹಾಕಿಕೊಂಡಳು.