ಅಜ್ಜಿಯ ಬೀಡಿನ ಪಾತ್ರೆ

ಮೊಮ್ಮಗಳು ಟೆಸ್ಸಾಳಿಗೆ ಬೀನ್ಸ್ ಕಾಳಿನ ಸಾರು ಬಡಿಸಲು ಹೊರಟ ಐಡೆಲ್ಲಾಳ ಕೈ ಅಲ್ಲೇ ನಿಂತಿತು. ಬೀಡುಕಬ್ಬಿಣದ ಪಾತ್ರೆಯ ಹಿಡಿಯ ಬುಡದಲ್ಲಿ ಬೆಳ್ಳಿಯಂಥದೊಂದು ಹನಿ ಅಂಟಿತ್ತು. ಉಗುರಿನಿಂದ ಗೀರಿದರೆ ಮೆತ್ತಗೆ ಗೆರೆ ಬಿತ್ತು.

"ವರ್ಲಿನ್! ಇದರಲ್ಲಿ ಸೀಸ ಕರಗಿಸಿದ್ಯಾ?"

ಬಂದೂಕಿನ ಗುರಿಮೈದಾನದ ಮಣ್ಣದಿಬ್ಬದಿಂದ ಸೀಸದ ಹಳೇ ಗುಂಡುಗಳನ್ನು ಆರಿಸಿ ತಂದು, ಕರಗಿಸಿ, ಹೊಸ ಗುಂಡು ಎರಕ ಹೊಯ್ಯುವುದು ಗಂಡನ ಹುಚ್ಚು. ಅದಕ್ಕೆಂದೇ ಶೆಡ್ಡಿನಲ್ಲಿ ಬೇರೆ ಪಾತ್ರೆಯಿತ್ತು. ಸೀಸ ಕರಗಿಸಿದ ಪಾತ್ರೆ ಅಡುಗೆಮನೆಯ ಹೊಸ್ತಿಲು ದಾಟಬಾರದೆಂಬುದು ವೆಸ್ಟ್ ವರ್ಜೀನಿಯಾದ ಆ ಗುಡ್ಡಸೀಮೆಯ ಮನೆಮನೆಯ ಕಟ್ಟುಪಾಡು.

"ಶೆಡ್ಡಿನ ಪಾತ್ರೆ ಸೀಳುಬಿಟ್ಟಿತ್ತು ಕಣೇ. ಒಂದೇ ಸಲ. ಸೋಪು ಹಾಕಿ ತೊಳೆದಿಟ್ಟಿದ್ದೀನಲ್ಲ!"

"ನಲವತ್ತು ವರ್ಷದಲ್ಲಿ ಒಂದು ಲೋಟ ತೊಳೆದವನಲ್ಲ, ಇವತ್ತು ವಿಷ ತೊಳೆದ್ಯಾ? ಮಗು ತಿನ್ನೋದು ಇದರಲ್ಲಿ!"

"ನಿಮ್ಮಜ್ಜಿ ಪಾತ್ರೆ, ಗಟ್ಟಿ ಅಂತ..."

ಟೆಸ್ಸಾ ಚಮಚ ಹಿಡಿದು ಕಾಯುತ್ತಿದ್ದಳು. ಐಡೆಲ್ಲಾ ಸಾರನ್ನೆಲ್ಲ ಕಸದ ಡಬ್ಬಿಗೆ ಸುರಿದಳು. ಬೀಡಿಗೆ ಹತ್ತಿದ ಸೀಸ ತೊಳೆದರೆ ಹೋಗುವಂಥದಲ್ಲ; ಪಾತ್ರೆ ಉಳಿದರೆ ನಾಳೆ ಇನ್ಯಾರೋ ತಿಳಿಯದೆ ಬೇಯಿಸಿಯಾರು. ಅಂಗಳಕ್ಕೊಯ್ದು, ಅವನ ಸುತ್ತಿಗೆಯನ್ನೇ ಎತ್ತಿ ಬಡಿದಳು. ಐದು ತಲೆಮಾರಿಗೆ ಉಣಿಸಿದ ಬೀಡು ಎರಡು ಹೋಳಾಯಿತು.

"ಅದರ ಬದಲು ನನಗೇ ಹೊಡೀಬೇಕಿತ್ತು," ಅಂದ ವರ್ಲಿನ್.

"ನಿನ್ನ ಸರದಿ ಆಮೇಲೆ. ಮೊದಲು ಮಗೂಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚು. ಕೈ ತೊಳ್ಕೊಂಡು!"